ಕೆಳದಿಯ ಸೀಮೆಯಲ್ಲಿ ಬೈಸಿಕಲ್ ಸಂಚಾರ

ದಾರಿಯ ಏರಿಳಿತಗಳನ್ನು ನಿಜವಾಗಿ ಬಲ್ಲವರು ಮೂವರು: ತಲೆಹೊರೆ ಹೊತ್ತು ನಡೆಯುವವನು, ಗಾಡಿಗೆ ಕಟ್ಟಿದ ಎತ್ತು, ಬೈಸಿಕಲ್ಲನ್ನು ತುಳಿಯುವವನು. ಮೋಟಾರಿನಲ್ಲಿ ಕುಳಿತು ಹೋಗುವವರಿಗೆ ದಿಬ್ಬವೆಂಬುದು ಯಂತ್ರದ ಧ್ವನಿಯಲ್ಲಿ ಕ್ಷಣಕಾಲ ಕೇಳಿಬರುವ ಒಂದು ವ್ಯತ್ಯಾಸ. ಸವಾರನಿಗಾದರೋ ಅದು ತೊಡೆಯಲ್ಲಿಯೂ ಉಸಿರಿನಲ್ಲಿಯೂ ದಾಖಲಾಗುವ ಲೆಕ್ಕ. ಒಂದು ಸೀಮೆಯ ಚರಿತ್ರೆಯನ್ನು ಅರಿಯಬೇಕೆಂಬುವರು ಮೊದಲು ಅದರ ನೆಲದ ಲೆಕ್ಕವನ್ನು ಅರಿಯುವುದು ಲೇಸು. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ವಿಷಯದಲ್ಲಂತೂ ಈ ಮಾತು ಅಕ್ಷರಶಃ ಸತ್ಯ. ಏಕೆಂದರೆ ಕೆಳದಿಯ ಅರಸರು ಎರಡೂವರೆ ಶತಮಾನಕ್ಕೂ ಮೀರಿ ಬಾಳಿದುದು ಈ ಗುಡ್ಡಗಳ, ಈ ಕಾಡುಗಳ, ಈ ಘಾಟಿಗಳ ಆಶ್ರಯದಿಂದಲೇ.

ದಿಬ್ಬದ ಲೆಕ್ಕವು ಕಠಿನವಾದುದೇನೂ ಅಲ್ಲ. ಸವಾರನೂ ಬೈಸಿಕಲ್ಲೂ ಸೇರಿ 80 ಕಿಲೋಗ್ರಾಂ ತೂಗುವರೆಂದು ಭಾವಿಸಿದರೆ, 100 ಮೀಟರು ಎತ್ತರಕ್ಕೇರಲು ಮಾಡಬೇಕಾದ ಕೆಲಸವು ಸುಮಾರು 19 ಕಿಲೋಕ್ಯಾಲೊರಿಯಷ್ಟು. ದೇಹವು ತಾನು ವ್ಯಯಮಾಡಿದ ಶಕ್ತಿಯಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿಸಿ ಉಳಿದುದನ್ನು ಬೆವರು ಬಿಸಿಯಾಗಿ ಕಳೆಯುವುದರಿಂದ, ನಿಜವಾದ ಖರ್ಚು ಇದರ ನಾಲ್ಕರಷ್ಟಾಗುವುದು. ಒಂದೆರಡು ಬಾಳೆಯ ಹಣ್ಣುಗಳಿಂದ ತೀರುವ ಸಾಲವಿದು. ಆದರೆ ಮಲೆನಾಡಿನ ರಸ್ತೆ ಒಂದೇ ಸಲ ಏರಿ ಸುಮ್ಮನಾಗುವಂಥದಲ್ಲ. ಏರಿದುದನ್ನೆಲ್ಲ ಮುಂದಿನ ಹಳ್ಳದವರೆಗೆ ಇಳಿದು, ಮೋರಿಯನ್ನು ದಾಟಿ, ಮತ್ತೆ ಮೊದಲಿನಿಂದ ಏರಬೇಕು. ಸರಪಣಿಯನ್ನು ಸಣ್ಣ ಹಲ್ಲುಗಾಲಿಯಿಂದ ದೊಡ್ಡದಕ್ಕೆ ಸರಿಸುವ ಉಪಕರಣವು ಈಗ ಸಾಮಾನ್ಯವಾಗಿದೆ. ಫ್ರಾನ್ಸ್ ದೇಶದ ಸುಪ್ರಸಿದ್ಧ ಪಂದ್ಯದಲ್ಲಿ ಅದಕ್ಕೆ ಅನುಮತಿ ದೊರೆತುದು 1937ರಲ್ಲಿ. ಅದಕ್ಕೆ ಮುಂಚೆ ಆಲ್ಪ್ಸ್ ಪರ್ವತಗಳನ್ನೂ ಆ ವೀರರು ಅದಿಲ್ಲದೆಯೇ ಏರಿದರು. ನಮ್ಮ ಹಳ್ಳಿಗಳ ಹಳೆಯ ಬೈಸಿಕಲ್ಲುಗಳಿಗೆ ಆ ಉಪಕರಣವಿರಲಿಲ್ಲ. ದಿಬ್ಬ ಬಂದಾಗ ಇಳಿದು ತಳ್ಳುವುದೇ ಉಪಾಯ. ಅದರಲ್ಲಿ ಯಾರಿಗೂ ಅವಮಾನವೆನಿಸುತ್ತಿರಲಿಲ್ಲ.

ಸಾಗರದಿಂದ ಹೊರಟರೆ ಒಂದು ದಿಕ್ಕಿಗೆ ಕೆಳದಿ, ಇನ್ನೊಂದು ದಿಕ್ಕಿಗೆ ಇಕ್ಕೇರಿ. ಎರಡೂ ಬೆಳಗಿನ ತಂಪಿನಲ್ಲಿಯೇ ಮುಗಿಯುವಷ್ಟು ಹತ್ತಿರ. ಕೆಳದಿಯಲ್ಲಿ ರಾಮೇಶ್ವರ, ವೀರಭದ್ರರ ಗುಡಿಗಳು ಒಂದರ ಮಗ್ಗುಲಲ್ಲೊಂದು ನಿಂತಿವೆ. ವೀರಭದ್ರನ ಗುಡಿಯ ಭುವನೇಶ್ವರಿಯಲ್ಲಿ ಕೆತ್ತಿದ ಗಂಡಭೇರುಂಡವನ್ನು ನೋಡಲು ಕತ್ತು ನೋಯುವವರೆಗೆ ಮೇಲೆ ನೋಡಬೇಕು. ಚೌಡಪ್ಪನಾಯಕನ ಕಾಲದಲ್ಲಿ ಇಲ್ಲಿ ಮೊಳೆತ ರಾಜ್ಯವು ವಿಜಯನಗರದ ಆಶ್ರಯದಲ್ಲಿ ಬೆಳೆದು, ಇಕ್ಕೇರಿಗೆ ಸರಿದು, 1640ರ ಸುಮಾರಿಗೆ ಬಿದನೂರಿಗೆ ಹೋಯಿತು. ರಾಜಧಾನಿಯು ಹೋದರೂ ಹೆಸರು ಬೇಗ ಹೋಗಲಿಲ್ಲ; ಟಂಕಸಾಲೆಯು ಬಿದನೂರಿನಲ್ಲಿದ್ದರೂ ಜನರು ಆ ನಾಣ್ಯವನ್ನು ಇಕ್ಕೇರಿ ವರಹವೆಂದೇ ಕರೆದರು.

ಇಕ್ಕೇರಿಯ ಅಘೋರೇಶ್ವರನ ಗುಡಿಯು ಕಗ್ಗಲ್ಲಿನ ದೊಡ್ಡ ಕಟ್ಟಡ. ಗರ್ಭಗುಡಿಯ ಮುಂದಿನ ನೆಲದಲ್ಲಿ ಮೂವರು ನಾಯಕರು ಸಾಷ್ಟಾಂಗವೆರಗಿದಂತೆ ಬಿಡಿಸಿದ ರೂಪಗಳಿವೆ. ಅವರಲ್ಲಿ ಒಬ್ಬನ ಕೈಕಾಲುಗಳಿಗೆ ಸಂಕೋಲೆಯಿದೆ. ಕಲಾರಸಿಕರು ಇಲ್ಲಿ ಹೊಯ್ಸಳರ ನಯವನ್ನೂ ವಿಜಯನಗರದ ಬೀಸನ್ನೂ ಗುರುತಿಸಿ ಸಂತೋಷಪಡುವರು. ಅದು ಯುಕ್ತವೇ. ಆದರೆ ಈ ಗುಡಿಯ ಮಧ್ಯದ ಕಂಬಗಳಿಗೆ ಇನ್ನೊಂದು ಮಹತ್ತ್ವವಿದ್ದಿತು. ಆ ಕಂಬಗಳ ನಡುವಿನ ಅಂತರವೇ ಅಡಿಕೆಯ ತೋಟವನ್ನು ಅಳೆಯುವ ಪ್ರಮಾಣ. ಆ ಉದ್ದದ ಕೋಲು 18 ಅಡಿ 6 ಅಂಗುಲ. ಗುಡಿಯ ಹೊರಗೆ ಬಂದ ಸವಾರನು ಕಣಿವೆಯಲ್ಲಿ ಸಾಲುಹಿಡಿದು ನಿಂತ ಅಡಿಕೆಯ ಮರಗಳನ್ನು ನೋಡುವಾಗ ಈ ಕೋಲನ್ನು ನೆನೆಯಬೇಕು. ದೇವರ ಮುಂದಿನ ಕಂಬವು ರೈತನ ಕಂದಾಯಕ್ಕೆ ಸಾಕ್ಷಿಯಾಗಿದ್ದಿತು. ಅಳತೆಗೋಲನ್ನು ಯಾವ ಅಧಿಕಾರಿಯಾದರೂ ಗಿಡ್ಡವಾಗಿಸಬಹುದು. ದೇವಾಲಯದ ಕಂಬವನ್ನು ಕದಲಿಸಲು ಯಾರಿಂದಲೂ ಆಗದು. 1645ರಿಂದ 1660ರ ವರೆಗೆ ಆಳಿದ ಶಿವಪ್ಪನಾಯಕನ ಹೆಸರು ಇಂದಿಗೂ ಉಳಿದಿರುವುದು ಅವನ ಗೆಲವುಗಳಿಗಿಂತ ಹೆಚ್ಚಾಗಿ ಅವನು ಏರ್ಪಡಿಸಿದ ಭೂಕಂದಾಯದ ‘ಶಿಸ್ತಿ’ನಿಂದ ಎಂಬುದನ್ನೂ ಇಲ್ಲಿಯೇ ಸ್ಮರಿಸಬಹುದು.

ಈ ದಾರಿಗಳಲ್ಲಿ ಸಂಚರಿಸಿ ಬರೆದಿಟ್ಟ ವಿದೇಶೀಯರಲ್ಲಿ ಇಟಲಿ ದೇಶದ ಪಿಯೆತ್ರೋ ದೆಲ್ಲಾ ವಾಲೆ ಎಂಬವನು ಪ್ರಸಿದ್ಧನು. 1623ರಲ್ಲಿ ಅವನು ಗೋವೆಯಿಂದ ಪೋರ್ತುಗೀಸರ ರಾಯಭಾರಿಯ ಜೊತೆಯಲ್ಲಿ ಹೊರಟು, ಹೊನ್ನಾವರ ಗೇರುಸೊಪ್ಪೆಗಳ ಮಾರ್ಗವಾಗಿ ಘಾಟಿಯನ್ನೇರಿ, ವೆಂಕಟಪ್ಪನಾಯಕನಿದ್ದ ಇಕ್ಕೇರಿಗೆ ಬಂದನು. ರಾಜಕಾರ್ಯದ ಹಿಂದಿದ್ದುದು ಕಾಳುಮೆಣಸಿನ ವ್ಯಾಪಾರ. ಆದರೆ ಆ ಪ್ರಯಾಣಿಕನ ಬರವಣಿಗೆಯಲ್ಲಿ ಹೆಚ್ಚು ಆಪ್ಯಾಯಮಾನವಾದುದು ಮೆಣಸಿನ ಮಾತಲ್ಲ. ದಾರಿಯಲ್ಲಿ ಹೊರೆಗಳನ್ನು ಸಿದ್ಧಪಡಿಸುವವರೆಗೆ ಅವನು ಒಂದು ಗುಡಿಯ ಮುಖಮಂಟಪದಲ್ಲಿ ಕಾದಿದ್ದಾಗ, ಕೆಲವು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತ, ಬೆರಳಿನಿಂದ ಅಂಕಿಗಳನ್ನು ಬರೆದು ಕಲಿಯುತ್ತಿದ್ದುದನ್ನು ಕಂಡನು. ಉಪಾಧ್ಯಾಯನು ಹತ್ತಿರವಿರಲಿಲ್ಲ, ಅವರೇ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ಕಾಯಬೇಕಾಗಿ ಬಂದುದರಿಂದಲೇ ಅವನಿಗೆ ಈ ದೃಶ್ಯ ದೊರೆಯಿತು. ಬೈಸಿಕಲ್ ಸವಾರನ ಲಾಭವೂ ಇಂಥದೇ. ಉಸಿರು ಕಟ್ಟಿ ನಿಂತಲ್ಲಿ, ಚಕ್ರದ ಗಾಳಿ ಹೋಗಿ ಕುಳಿತಲ್ಲಿ, ಊರು ತಾನಾಗಿ ಅವನಿಗೆ ಕಾಣಿಸಿಕೊಳ್ಳುವುದು.

ಹೊಸನಗರದಿಂದ ನಗರಕ್ಕೆ ಸುಮಾರು 17 ಕಿಲೋಮೀಟರು. ಈ ಸಣ್ಣ ಊರೇ ಹಿಂದಿನ ಬಿದನೂರು. ಕರಾವಳಿಗೆ ಇಳಿಯುವ ಹೊಸಂಗಡಿಯ ಘಾಟಿಯು ಇದರ ಕೈಯಲ್ಲಿದ್ದುದರಿಂದ ವ್ಯಾಪಾರವು ಹೊಳೆಯಂತೆ ಹರಿದುಬಂದಿತು. ಕೆಳದಿಯ ಚೆನ್ನಮ್ಮಾಜಿಯು ಶಿವಾಜಿಯ ಮಗನಾದ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದುದು ಈ ರಾಜ್ಯದ ಕೀರ್ತಿಶಿಖರ. 1763ರಲ್ಲಿ ಹೈದರಾಲಿಯು ರಾಣಿ ವೀರಮ್ಮಾಜಿಯಿಂದ ಊರನ್ನು ಕಸಿದುಕೊಂಡು ಹೈದರನಗರವೆಂದು ಹೆಸರಿಟ್ಟನು. ಕಾಲಕ್ರಮದಲ್ಲಿ ಹೈದರನ ಹೆಸರು ಉದುರಿ ನಗರವೆಂಬುದು ಮಾತ್ರ ನಿಂತಿತು. ತಾಲ್ಲೂಕಿನ ಕಚೇರಿಯೂ ಹೊಸನಗರಕ್ಕೆ ಹೋಯಿತು. ಈಗ ಕೋಟೆಯೊಳಗೆ ಹುಲ್ಲು. ಸಮೀಪದ ದೇವಗಂಗೆಯಲ್ಲಿ ಕಲ್ಲು ಕಟ್ಟಿದ ಕೊಳಗಳು. ಮುಂದೆ ತೀರ್ಥಹಳ್ಳಿಯ ಕಡೆಗೆ ಹೊರಳಿದರೆ ಕವಲೇದುರ್ಗ. ಅಲ್ಲಿ ಬೈಸಿಕಲ್ಲನ್ನು ಬುಡದಲ್ಲಿ ಬಿಟ್ಟು, ಗದ್ದೆಯ ಬದಿಯಿಂದ ಕಲ್ಲುದಾರಿಯನ್ನು ಹಿಡಿದು, ಮೂರು ಸುತ್ತಿನ ಕೋಟೆಯನ್ನು ಕಾಲ್ನಡೆಯಲ್ಲಿ ಏರಬೇಕು. ಅರಮನೆಯ ಬುನಾದಿಯ ನಡುವೆ ಕಲ್ಲಿನ ಒಲೆಯೊಂದು ಉಳಿದಿದೆ. ಸಿಂಹಾಸನವಿದ್ದ ಸ್ಥಳಕ್ಕಿಂತ ಈ ಒಲೆಯ ಮುಂದೆ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು.

ಇಷ್ಟೆಲ್ಲ ನೋಡಿದ ಮೇಲೆ ಸವಾರನ ಮನಸ್ಸಿನಲ್ಲಿ ಒಂದು ಆಸೆಯು ಹುಟ್ಟುವುದು ಸಹಜ. ಈ ಕಿರುದಾರಿ ಹೀಗೆಯೇ ಇರಲಿ, ಈ ಮರಗಳ ನೆರಳು ಹೀಗೆಯೇ ಕೂಡಿಕೊಂಡಿರಲಿ, ಮೋಟಾರುಗಳ ಗದ್ದಲ ಇಲ್ಲಿಗೆ ಬಾರದಿರಲಿ ಎಂದು. ಆಸೆಯು ಸುಂದರವಾದುದು, ಆದರೆ ಪರೀಕ್ಷೆಗೆ ಯೋಗ್ಯವಾದುದು. ರಾಜಧಾನಿಯು ತೊರೆದುಹೋದುದರಿಂದ, ವ್ಯಾಪಾರವು ಬೇರೆ ಹಾದಿ ಹಿಡಿದುದರಿಂದ, ಈ ರಸ್ತೆಗಳಿಗೆ ಈ ಶಾಂತಿ ಬಂದಿತು. ಒಂದು ಊರಿನ ಸೋಲು ಇನ್ನೊಬ್ಬನ ವಿಹಾರಕ್ಕೆ ಅನುಕೂಲವಾಯಿತು. ಜಗಲಿಯ ಮೇಲೆ ಕುಳಿತ ಹಿರಿಯರೊಡನೆ ದಾರಿಯ ಚೆಲುವನ್ನು ಹೊಗಳಿದರೆ, “ನಿಮಗೆ ಚೆಂದ ಸ್ವಾಮಿ, ಮಳೆಗಾಲದ ರಾತ್ರಿ ಬಸುರಿ ಹೆಂಗಸನ್ನು ಇದೇ ದಾರಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಲ್ಲ” ಎಂಬ ಉತ್ತರ ಬಂದೀತು. ಇದಕ್ಕೆ ಪ್ರತ್ಯುತ್ತರವಿಲ್ಲ.

ಶರಾವತಿಯ ಹಿನ್ನೀರಿನಲ್ಲಿ ಈ ಮಾತು ಇನ್ನೂ ತೀಕ್ಷ್ಣವಾಗಿ ಕೇಳಿಬರುವುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಹಳ್ಳಿಗಳು, ಗದ್ದೆ ತೋಟಗಳು ನೀರಿನಡಿಯಾದುವು. ಅದಕ್ಕೂ ಹಿಂದೆ ಮಡೆನೂರಿನಲ್ಲಿ ಕಟ್ಟಿದ್ದ ಅಣೆಕಟ್ಟೂ ಮುಳುಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಅದು ಮೇಲೆ ಕಾಣಿಸಿಕೊಳ್ಳುವುದುಂಟು. ನಾಡಿನ ಮನೆಗಳಿಗೆ ಇಲ್ಲಿಂದ ದೀಪ ಹೋಯಿತು. ಇಲ್ಲಿನ ಕುಟುಂಬಗಳು ಒಕ್ಕಲೆದ್ದು ಹೋದುವು. ನೀರಿನಾಚೆ ಉಳಿದವರು ಸಿಗಂದೂರಿನ ಕಡೆಯಿಂದ ಸಾಗರಕ್ಕೆ ಬರಲು ದಶಕಗಳ ಕಾಲ ಲಾಂಚನ್ನು ಕಾದರು. ಬೈಸಿಕಲ್ಲನ್ನು ಅದರಲ್ಲಿ ನಿಲ್ಲಿಸಿಕೊಂಡು ತಂಗಾಳಿಯಲ್ಲಿ ದಾಟುವುದು ಪ್ರವಾಸಿಗೆ ಹಬ್ಬವಾಗಿದ್ದಿತು. 2025ರ ಜುಲೈ ತಿಂಗಳಿನಲ್ಲಿ ಅಲ್ಲಿ ಎರಡು ಕಿಲೋಮೀಟರಿಗೆ ಮಿಕ್ಕ ಸೇತುವೆಯು ತೆರೆಯಿತು. ಆ ಹಬ್ಬವು ತಪ್ಪಿತೆಂದು ಮರುಗುವವನು ಕಾದವರ ವರ್ಷಗಳನ್ನೂ ಎಣಿಸತಕ್ಕದ್ದು.

ಬೈಸಿಕಲ್ಲೂ ಇಲ್ಲಿಯವರಿಗೆ ಎಂದೂ ಕ್ರೀಡೆಯ ವಸ್ತುವಾಗಿರಲಿಲ್ಲ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡತೊಡಗಿದಾಗ, ಗುಡ್ಡದ ಮನೆಗಳ ಹುಡುಗಿಯರು ಅವನ್ನು ಅರ್ಧ ದಾರಿ ತಳ್ಳಿ ಅರ್ಧ ದಾರಿ ತುಳಿದು ಶಾಲೆ ಮುಟ್ಟಿದರು. ಮರಳಿನ ಮೇಲೆ ಬೆರಳಾಡಿಸಿದ ಹುಡುಗರಿಗೂ ಇವರಿಗೂ ನಡುವೆ ನಾಲ್ಕು ಶತಮಾನಗಳಿವೆ. ಕಲಿಯುವ ಹಟವೊಂದು ಹಾಗೆಯೇ ಇದೆ.

ಹಾಗಾದರೆ ಸವಾರನು ಈ ಸೀಮೆಗೆ ಬರಬಾರದೆ? ಅಗತ್ಯವಾಗಿ ಬರಬೇಕು. ಮಳೆ ಹಿಂದೆಗೆದ ಮೇಲೆ, ಕಾರ್ತಿಕ ಮಾರ್ಗಶಿರಗಳಲ್ಲಿ, ಅಂಗಳಗಳಲ್ಲಿ ಅಡಿಕೆ ಸುಲಿಯುವ ಸದ್ದೂ, ಹಂಡೆಗಳಲ್ಲಿ ಬೇಯುವ ಅಡಿಕೆಯ ಒಗರು ಕಂಪೂ ತುಂಬಿರುವಾಗ ಬರಬೇಕು. ಹಳ್ಳಿಯ ಅಂಗಡಿಯಲ್ಲಿಯೇ ಕೊಂಡು ತಿನ್ನಬೇಕು. ಹವ್ಯಕರ ಮನೆಯ ಮುಂದೆ ಬಸವಳಿದು ನಿಂತವನನ್ನು ಮನೆಯಾಕೆ, “ಬಿಸಿಲಲ್ಲಿ ಬಂದಿದ್ದೀರಿ, ಆಸರಿಗೆ ಏನು ಕೊಡಲಿ?” ಎಂದು ಕೇಳದೆ ಕಳುಹಿಸಳು. ಬೆಲ್ಲವೂ ನೀರೂ ಬಂದಾಗ ಕುಳಿತು ಕುಡಿದು, ಊರಿನ ಸುಖದುಃಖಗಳನ್ನು ಕೇಳಿ, ಕೇಳಿದುದನ್ನು ಮರೆಯದೆ ಒಯ್ಯುವುದು ಅತಿಥಿಯಾದವನ ಧರ್ಮ. ಇಕ್ಕೇರಿಯ ಕಂಬಗಳು ಶಿಲ್ಪವನ್ನೂ ರೈತನ ಬಾಳನ್ನೂ ಒಂದೇ ಅಳತೆಯಲ್ಲಿ ಹಿಡಿದಿದ್ದುವು. ದಾರಿಯ ಚೆಲುವನ್ನು ನೋಡಲು ಬಂದವನ ಕಣ್ಣಿಗೂ ಅಷ್ಟು ವಿಸ್ತಾರವು ಬರಲಿ.