ಗುಬ್ಬಕ್ಕನ ಮನೆಗೂ ನೀರು ಬಂತು

ಕಾಗಕ್ಕ ಗುಬ್ಬಕ್ಕನ ಕಥೆ ಕೇಳದೆ ಬೆಳೆದ ಕನ್ನಡಿಗರು ವಿರಳ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂತು, ಸಗಣಿ ಮನೆ ಕೊಚ್ಚಿಹೋಯಿತು. ವೃತ್ತಿಯಲ್ಲಿ ಎಂಜಿನಿಯರಾಗಿದ್ದ ನಾವು ಮೊಮ್ಮಗಳಿಗೆ ಈ ಕಥೆ ಹೇಳುವಾಗಲೆಲ್ಲ ಕೊನೆಗೊಂದು ಬಾಲ ಸೇರಿಸುತ್ತಿದ್ದೆವು: "ನೋಡು ಪುಟ್ಟಿ, ಗಟ್ಟಿ ಸಾಮಾನು ಹಾಕಿ ಕಟ್ಟಿದರೆ ಮನೆಗೆ ಭಯವಿಲ್ಲ. ನಮ್ಮದು ಗುಬ್ಬಕ್ಕನ ಮನೆ."

2021ರ ಡಿಸೆಂಬರಿನಲ್ಲಿ ಕ್ಲಾಂಗ್ ಕಣಿವೆಯಲ್ಲಿ ಬಿಡದೆ ಸುರಿದ ಮಳೆ ಓದುಗರಿಗೆ ನೆನಪಿರಬೇಕು. ಶಾ ಆಲಂನ ನಮ್ಮ ಸಿಮೆಂಟಿನ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತು. ಎದುರುಮನೆಯ ಮಲಯ್ ದಂಪತಿ ನಾವು ಕೂಗುವ ಮೊದಲೇ ಬಾಗಿಲು ತೆರೆದು ನಮ್ಮನ್ನು ಮಹಡಿಗೆ ಹತ್ತಿಸಿಕೊಂಡರು. ಅಲ್ಲಿ ಚಾಪೆಯ ಮೇಲೆ ಕುಳಿತು, ಆಗ ಐದು ವರ್ಷದ ಮೊಮ್ಮಗಳು ಕೇಳಿದಳು: "ತಾತ, ನಮ್ಮದು ಗುಬ್ಬಕ್ಕನ ಮನೆ ಅಂದಿದ್ದೆಯಲ್ಲ?"

ನಮಗೆ ಉತ್ತರ ಹೊಳೆಯಲಿಲ್ಲ. ಮನೆ ತೊಳೆದು ಒಣಗಿದ ಮೇಲೆ, ಪರಿಚಯದ ನಾಲ್ಕಾರು ಕನ್ನಡ ಮಕ್ಕಳನ್ನು ಸೇರಿಸಿಕೊಂಡು ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದೆವು. ಈ ಸಲ ಕೈಯಲ್ಲಿ ಕೆಲಸವೂ ಇತ್ತು. ಸಗಣಿಗೆ ಬದಲು ತೋಟದ ಮಣ್ಣು, ಗುಬ್ಬಕ್ಕನಿಗೆ ಬೆಣಚುಕಲ್ಲು, ಮಳೆಗೆ ತೂತು ಕೊರೆದ ಮೈಲೋ ಡಬ್ಬಿ.

ಮಣ್ಣಿನ ಮನೆ ಕರಗಿತು. ಇನ್ನೊಂದು ಮಣ್ಣಿನ ಮನೆಯನ್ನು ಕಲ್ಲಿನ ಪಾಯದ ಮೇಲೆ ಕಟ್ಟಿ, ಗೋಡೆಯಿಂದಾಚೆಗೆ ಚಾಚುವಂತೆ ಬಾಳೆಲೆಯ ಸೂರು ಹೊದಿಸಿದೆವು. ಅದು ನಿಂತಿತು! ನಮ್ಮ ಮಲೆನಾಡಿನ ಮಣ್ಣಿನ ಗೋಡೆಗಳು ಅಷ್ಟು ಮಳೆ ತಡೆದದ್ದು ಹೀಗೆಯೇ. ಪಾಪ, ಕಾಗಕ್ಕನ ತಪ್ಪು ಸಗಣಿಯಲ್ಲಿರಲಿಲ್ಲ, ಸೂರಿನಲ್ಲಿತ್ತು.

ಆಮೇಲೆ ಮನೆಗಳನ್ನೆಲ್ಲ ಬೇಸಿನ್ನಿನಲ್ಲಿಟ್ಟು ಮೆಲ್ಲಗೆ ನೀರು ತುಂಬಿದೆವು. ಗುಬ್ಬಕ್ಕನ ಕಲ್ಲಿನ ಮನೆ ಅಲುಗಲಿಲ್ಲ. ಆದರೆ ಬಾಗಿಲಿನಿಂದ ನೀರು ಒಳಗೆ ಹೋಯಿತು. ಒಬ್ಬ ಹುಡುಗ ಸಾತೆ ಕಡ್ಡಿಗಳನ್ನು ನೆಟ್ಟು ಅದರ ಮೇಲೊಂದು ರಟ್ಟಿನ ಮನೆ ಕೂರಿಸಿದ್ದ. ನೀರು ಅದರಡಿ ಹರಿದು ಸುಮ್ಮನಾಯಿತು. "ಇದು ಕಂಪುಂಗ್ ಮನೆ!" ಎಂದು ಮಕ್ಕಳೇ ಕೂಗಿದರು. ಈ ನಾಡಿನ ಹಿರಿಯರು ಕಂಬಗಳ ಮೇಲೆ ಮನೆ ಕಟ್ಟಿದ್ದರ ಒಂದು ಗುಟ್ಟು ನಮಗೂ ಅಂದೇ ಮನಸ್ಸಿಗೆ ನಾಟಿತು.

ಶಾಲೆಯಲ್ಲಿ ಕೇಳಿದ ಮೂರು ಹಂದಿಮರಿಗಳ ಕಥೆಯನ್ನೂ ಮಕ್ಕಳು ಎಳೆದು ತಂದರು. ಅಲ್ಲಿ ಶತ್ರು ತೋಳದ ಉಸಿರು, ಇಲ್ಲಿ ಮಳೆ. ಹಾಗಾದರೆ ಎಂಜಿನಿಯರು ಮೊದಲು ಕೇಳಬೇಕಾದದ್ದು "ಯಾವುದು ಗಟ್ಟಿ?" ಎಂದಲ್ಲ, "ಬರುವ ಶತ್ರು ಯಾರು, ಯಾವ ದಿಕ್ಕಿನಿಂದ?" ಎಂದು. ಕೌಲಾಲಂಪುರದ ಸ್ಮಾರ್ಟ್ ಸುರಂಗದ ಸಂಗತಿ ಹೇಳಿದಾಗ ಮಕ್ಕಳು ಕಣ್ಣರಳಿಸಿದರು. 2007ರಲ್ಲಿ ತೆರೆದ 9.7 ಕಿಲೋಮೀಟರಿನ ಆ ಸುರಂಗದ ಒಂದು ಭಾಗದಲ್ಲಿ ದಿನವೂ ಕಾರುಗಳು ಓಡುತ್ತವೆ. ಭಾರಿ ಮಳೆ ಬಂದರೆ ಕಾರುಗಳನ್ನು ಹೊರಗೆ ಕಳಿಸಿ, ನೀರನ್ನೇ ಅದರೊಳಗೆ ಹರಿಸುತ್ತಾರೆ. ನೀರನ್ನು ತಡೆಯುವುದಷ್ಟೇ ಅಲ್ಲ, ಅದಕ್ಕೆ ದಾರಿ ಬಿಡುವುದೂ ವಿದ್ಯೆಯೇ.

ಇನ್ನು ಕಥೆಯ ಕೊನೆ. ನೆನೆದು ಬಂದ ಕಾಗಕ್ಕ ಬಾಗಿಲು ತಟ್ಟಿದರೆ, ಗುಬ್ಬಕ್ಕ "ತಾಳು, ಮಗುವಿಗೆ ನೀರು ಹಾಕುತ್ತಿದ್ದೇನೆ, ತಾಳು, ತೊಟ್ಟಿಲು ತೂಗುತ್ತಿದ್ದೇನೆ" ಎಂದು ಸತಾಯಿಸುತ್ತಾಳೆ. ಅಲ್ಲಿಗೆ ಬಂದಾಗ ಮೊಮ್ಮಗಳು ನಮ್ಮನ್ನು ತಡೆದಳು. "ಇಲ್ಲ ತಾತ, ಗುಬ್ಬಕ್ಕ ತಕ್ಷಣ ಬಾಗಿಲು ತೆಗೆದಳು."

ಈಗ ನಮ್ಮ ಮನೆಯಲ್ಲಿ ಕಥೆ ಮುಗಿಯುವುದು ಹಾಗೆಯೇ.