ಹರಿಹರಕ್ಕೆ ಹೋಗುತ್ತಿದ್ದ ಹುಡುಗರು

ಹುಡುಗ ಹರಿಹರದ ಕಿರ್ಲೋಸ್ಕರಿನಲ್ಲಿದ್ದಾನೆ ಎಂದರೆ ನಮ್ಮ ಹೂವಿನಹಡಗಲಿ ಸೀಮೆಯಲ್ಲಿ ಹೆಣ್ಣಿನ ಕಡೆಯವರು ಎರಡನೇ ಮಾತು ಕೇಳುತ್ತಿರಲಿಲ್ಲ. ಹೊಲ ಎಷ್ಟೆಕರೆ, ಬಾವಿಯಲ್ಲಿ ನೀರಿದೆಯೇ, ಅಣ್ಣತಮ್ಮಂದಿರು ಎಷ್ಟು ಜನ ಎಂಬ ಪ್ರಶ್ನೆಗಳೆಲ್ಲ ಹಿಂದೆ ಸರಿಯುತ್ತಿದ್ದವು. "ಕಂಪನಿ ನೌಕರಿ ಐತಿ, ಕಾಯಂ ಆಗೈತಿ, ಇನ್ನೇನು ಬೇಕು ಬಿಡ್ರಿ" ಎಂದು ಹಿರಿಯರು ಎಲೆಅಡಿಕೆ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದರು. ಮಳೆ ಕೈಕೊಟ್ಟರೂ ತಿಂಗಳ ಮೊದಲ ವಾರ ದುಡ್ಡು ಬರುವ ಮನೆ ಎಂಬುದು ಜೋಳ, ಶೇಂಗಾ ನಂಬಿಕೊಂಡ ಎರೆ ಮಸಬು ನೆಲದವರಿಗೆ ಎಷ್ಟು ದೊಡ್ಡ ಧೈರ್ಯವೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹಡಗಲಿ, ಹರಪನಹಳ್ಳಿ, ಕೊಟ್ಟೂರು ಕಡೆಯ ಐಟಿಐ ಪಾಸಾದ ಹುಡುಗ ಕಣ್ಣು ಮುಚ್ಚಿಕೊಂಡು ಹರಿಹರದ ಬಸ್ಸು ಹತ್ತುತ್ತಿದ್ದ ಕಾಲವೊಂದಿತ್ತು. ಆ ಕಾಲ ಹೋಗಿಬಿಟ್ಟಿದೆ.

ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರಕ್ಕೆ ಬಂದದ್ದು 1941ರಲ್ಲಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಕಬ್ಬಿಣದ ನೇಗಿಲು ಮಾಡಿ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ್ದು ಅದು. ಹೊತ್ತು ಯುದ್ಧದ್ದು. ಯುರೋಪಿನಿಂದ ಹಡಗಿನಲ್ಲಿ ಬರುತ್ತಿದ್ದ ಯಂತ್ರಗಳು ನಿಂತುಹೋಗಿ, ಲೇತ್ ಮಾಡುವವರು ಈ ದೇಶದಲ್ಲೇ ಬೇಕಾಗಿದ್ದರು. ಪಕ್ಕದಲ್ಲಿ ತುಂಗಭದ್ರೆ, ಊರೊಳಗೆ ಪುಣೆ–ಬೆಂಗಳೂರು ರೈಲು. ಕಾರ್ಖಾನೆಯ ಸುತ್ತ ಎದ್ದ ಬಡಾವಣೆಗೆ ಯಂತ್ರಪುರವೆಂದೇ ಹೆಸರಾಯಿತು.

ಆಗ ಹರಿಹರ ಮೈಸೂರು ಸಂಸ್ಥಾನದ್ದು. ನಮ್ಮ ಹಡಗಲಿ, ಹರಪನಹಳ್ಳಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವು. ಹೊಳೆ ದಾಟಿದರೆ ರಾಣೆಬೆನ್ನೂರು, ಅದು ಮುಂಬಯಿ ಪ್ರಾಂತ್ಯ. ಒಂದೇ ಹೊಳೆಯ ನೀರು ಕುಡಿಯುವ, ಒಂದೇ ಮೈಲಾರಲಿಂಗನಿಗೆ ನಡೆದುಕೊಳ್ಳುವ ಜನ ಮೂರು ಸರ್ಕಾರಗಳ ಕೈಕೆಳಗಿದ್ದರು. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿತು. 1956ರಲ್ಲಿ ಉಳಿದ ಗಡಿಯೂ ಅಳಿಯಿತು. ಅದರ ಮರುವರ್ಷವೇ, 1957ರಲ್ಲಿ, ಯುರೋಪಿನ ಆರು ದೇಶಗಳು ರೋಮ್‌ನಲ್ಲಿ ಕೂತು ತಮ್ಮ ಮಾರುಕಟ್ಟೆಗಳನ್ನು ಒಂದು ಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಗಡಿ ಅಳಿಯುವುದೆಂದರೆ ಏನೆಂದು ಅವರಿಗಿಂತ ಒಂದು ಹೆಜ್ಜೆ ಮೊದಲೇ ನಮ್ಮ ಹಿರಿಯರು ಕಂಡಿದ್ದರು. ಬೇರೆ ರಾಜ್ಯದ ಕಾರ್ಖಾನೆಯಾಗಿದ್ದ ಕಿರ್ಲೋಸ್ಕರು ನಮ್ಮದೇ ಕಾರ್ಖಾನೆಯಾಯಿತು.

ಲೇತ್ ಎಂಬುದನ್ನು ಹತ್ತಿರ ನಿಂತು ನೋಡದವರಿಗೆ ಅದೊಂದು ಕಬ್ಬಿಣದ ಮುದ್ದೆ. ಯಂತ್ರ ಮಾಡುವ ಯಂತ್ರ ಅದು. ಎಂಜಿನ್ನಿನ ಶಾಫ್ಟಿರಲಿ, ಪಂಪ್‌ಸೆಟ್ಟಿನ ಬುಶ್ಶಿರಲಿ, ಲಾರಿಯ ಅಚ್ಚಿರಲಿ, ಗುಂಡಗೆ ಆಗಬೇಕಾದ ಕಬ್ಬಿಣವೆಲ್ಲ ಅದರ ಚಕ್ಕಿನಲ್ಲಿ ಕಚ್ಚಿಕೊಂಡು ತಿರುಗಲೇಬೇಕು. ಕೂದಲೆಳೆಗಿಂತ ಸಣ್ಣ ಲೆಕ್ಕ ತಪ್ಪಿದರೂ ಇಡೀ ತುಂಡು ಗುಜರಿಗೆ. ಟೂಲು ಕಬ್ಬಿಣಕ್ಕೆ ತಾಗಿದ ಸದ್ದು ಕೇಳಿಯೇ ಒಳ್ಳೆಯ ಟರ್ನರ್ ಧಾರೆ ಹೋಗಿದೆಯೋ ಇಲ್ಲವೋ ಹೇಳುತ್ತಿದ್ದ. ಸುರುಳಿಯಾಗಿ ಬೀಳುವ ಚೂರಿನ ಬಣ್ಣ ಒಣಹುಲ್ಲಿನಂತಿದೆಯೋ ನೀಲಿಗೆ ತಿರುಗಿದೆಯೋ ನೋಡಿ ವೇಗ ಇಳಿಸುತ್ತಿದ್ದ. ಮೈಕ್ರೋಮೀಟರನ್ನು ಎರಡು ಬೆರಳಲ್ಲಿ ತಿರುಗಿಸುವಾಗ ಅವನ ಮುಖದಲ್ಲಿ ಬರುತ್ತಿದ್ದ ಗಂಭೀರತೆ ಪೂಜೆಗೆ ಕೂತವರ ಮುಖದ್ದು. ಅಪ್ಪ ಮಡಿಕೆ ಹೊಡೆಯುತ್ತಿದ್ದವನು, ಮಗ ಮಿಲಿಮೀಟರಿನ ನೂರನೇ ಭಾಗವನ್ನು ಅಳೆಯುತ್ತಿದ್ದ. ಒಂದೇ ತಲೆಮಾರಿನಲ್ಲಿ, ಊರಿನಿಂದ ಒಂದೆರಡು ಬಸ್ಸಿನ ದೂರದಲ್ಲಿ ಇದಾಯಿತು. ಹೀಗಾಗಿಯೇ ಅದು ದೊಡ್ಡದು. ಹೊಲದ ನಂಟು ಹರಿಯಲಿಲ್ಲ. ರಜೆಗೆ ಬಂದವನು ಬಿತ್ತನೆಗೆ ಕೈಹಚ್ಚುತ್ತಿದ್ದ, ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ಹಾಜರಿರುತ್ತಿದ್ದ, ಕಾರ್ಣಿಕ ಕೇಳಿ ಮರಳಿ ಶಿಫ್ಟಿಗೆ ಹೋಗುತ್ತಿದ್ದ.

1991ರಲ್ಲಿ ದೇಶದ ಬಾಗಿಲು ತೆರೆಯಿತು. ಆಮದು ಸುಂಕ ವರ್ಷವರ್ಷಕ್ಕೆ ಇಳಿಯಿತು. 1993ರಲ್ಲಿ ಕಾರು ಉದ್ಯಮಕ್ಕೆ ಲೈಸೆನ್ಸಿನ ಕಟ್ಟು ಸಡಿಲಾಯಿತು. ಲೇತಿನಂಥ ಯಂತ್ರಗಳಿಗೆ ಬಹಳಷ್ಟು ದೇಶಗಳಲ್ಲಿ ದೊಡ್ಡ ಗಿರಾಕಿ ವಾಹನ ಉದ್ಯಮವೇ. ಹೊಸದಾಗಿ ಬಂದ ಕಾರು ಕಂಪನಿಗಳಿಗೆ ಬೇಕಾದದ್ದು ಕಂಪ್ಯೂಟರಿನ ಆಜ್ಞೆಯಲ್ಲಿ ತಾನೇ ಕಡೆಯುವ ಸಿಎನ್‌ಸಿ ಯಂತ್ರ. ಅದು ಜಪಾನಿನಿಂದ, ತೈವಾನಿನಿಂದ, ಜರ್ಮನಿಯಿಂದ ಸಲೀಸಾಗಿ ಬರತೊಡಗಿತು. ತೊಂಬತ್ತರ ದಶಕದ ಕೊನೆಗೆ ಬೇಡಿಕೆಯೂ ಕುಸಿಯಿತು. ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ಹರಿಹರದ ಲೇತ್ ಕಾರ್ಖಾನೆ ಮುಚ್ಚಿತು. ಅತ್ತ ದಾವಣಗೆರೆಯ ಹತ್ತಿಗಿರಣಿಗಳೂ ಒಂದೊಂದಾಗಿ ಬಾಗಿಲು ಹಾಕಿದ್ದವು.

ಅದೇ ಹೊತ್ತಿನಲ್ಲಿ ಯುರೋಪಿನಲ್ಲಿ ನಡೆದದ್ದನ್ನು ಓದುವಾಗ ನನಗೆ ಹರಿಹರವೇ ಕಣ್ಣಿಗೆ ಬರುತ್ತದೆ. 1993ರ ಜನವರಿ 1ರಂದು ಅಲ್ಲಿ ಒಂದೇ ಮಾರುಕಟ್ಟೆ ಜಾರಿಗೆ ಬಂತು. ಕಾರು ಎಲ್ಲಿ ಬೇಕಾದರೂ ಮಾಡಿ ಎಲ್ಲಿ ಬೇಕಾದರೂ ಮಾರಬಹುದಾಯಿತು. 1997ರ ಫೆಬ್ರವರಿಯಲ್ಲಿ ರೆನೋ ಕಂಪನಿ ಬೆಲ್ಜಿಯಂನ ವಿಲ್ವೋರ್ಡೆ ಕಾರ್ಖಾನೆ ಮುಚ್ಚುತ್ತೇವೆ ಎಂದಾಗ ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಇಂಗ್ಲೆಂಡಿನ ಕವೆಂಟ್ರಿ ಹತ್ತಿರದ ರೈಟನ್ ಕಾರ್ಖಾನೆಯನ್ನು ಪ್ಯೂಜೋ ನಿಲ್ಲಿಸಿದ ಹೊತ್ತಿಗೆ ಸ್ಲೊವಾಕಿಯಾದ ಟರ್ನಾವಾದಲ್ಲಿ ಅದರದೇ ಹೊಸ ಕಾರ್ಖಾನೆ ಕಾರು ಹೊರಡಿಸುತ್ತಿತ್ತು. ಕಲ್ಲಿದ್ದಲಿನ ಸೀಮೆಯಾದ ಬೆಲ್ಜಿಯಂನ ಗೆಂಕ್‌ನಲ್ಲಿ ಐವತ್ತು ವರ್ಷ ನಡೆದ ಫೋರ್ಡ್ ಕಾರ್ಖಾನೆ 2014ರ ಡಿಸೆಂಬರಿನಲ್ಲಿ ಮುಚ್ಚಿ, ಅಲ್ಲಿನ ಕೆಲಸ ಸ್ಪೇನಿನ ವೆಲೆನ್ಸಿಯಾಕ್ಕೆ ಹೋಯಿತು. ಗೇಟಿನ ಮುಂದೆ ಬೆಂಕಿ ಹಾಕಿಕೊಂಡು ಕೂತ ಆ ಕಾರ್ಮಿಕರ ಚಿತ್ರಗಳನ್ನು ನೋಡಿದರೆ ಭಾಷೆ ಬೇಕಾಗುವುದಿಲ್ಲ.

ಆದರೆ ಎರಡು ಕಡೆಯ ಕಥೆ ಒಂದೇ ಅಲ್ಲ. ನನ್ನ ಸಂಕಟವಿರುವುದು ಆ ವ್ಯತ್ಯಾಸದಲ್ಲಿ.

ಮೊದಲನೆಯದು, ಕೆಲಸ ಹೋದವರಿಗೆ ಸಿಕ್ಕ ಕೈಯಾಸರೆ. ವಿಲ್ವೋರ್ಡೆಯ ಗದ್ದಲದ ನಂತರ, ಕಾರ್ಮಿಕರಿಗೆ ಮೊದಲೇ ತಿಳಿಸಿ ಅವರ ಮಾತು ಕೇಳಬೇಕೆಂಬ ನಿಯಮವನ್ನು 2002ರಲ್ಲಿ ಇಡೀ ಯುರೋಪಿಯನ್ ಒಕ್ಕೂಟಕ್ಕೆ ತಂದರು. 2006ರಲ್ಲಿ ಜಾಗತೀಕರಣದಿಂದ ಕೆಲಸ ಕಳೆದುಕೊಂಡವರಿಗೆಂದೇ ಒಂದು ನಿಧಿ ಮಾಡಿದರು. ಗೆಂಕ್‌ನ ಫೋರ್ಡ್ ಕಾರ್ಮಿಕರ ಮರುತರಬೇತಿಗೂ ಅದರಿಂದ ಹಣ ಹೋಯಿತು. ನಮ್ಮಲ್ಲೂ 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಎಂದು ಒಂದನ್ನು ತೆರೆದಿದ್ದರು. ಅದರ ಬಹುಪಾಲು ಕೇಂದ್ರ ಸರ್ಕಾರಿ ಉದ್ದಿಮೆಗಳ ಸ್ವಯಂನಿವೃತ್ತಿಗೇ ಖರ್ಚಾಗಿ, ಕೆಲವೇ ವರ್ಷಗಳಲ್ಲಿ ನಿಧಿಯೇ ಇಲ್ಲವಾಯಿತು. ಖಾಸಗಿ ಕಾರ್ಖಾನೆಯ ಟರ್ನರ್ ಆ ಲೆಕ್ಕದಲ್ಲೇ ಇರಲಿಲ್ಲ. ನಲವತ್ತೈದು ದಾಟಿದ, ಕೈಯಲ್ಲಿ ಅಂಥ ವಿದ್ಯೆಯಿದ್ದ ಜನ ಕಿರಾಣಿ ಅಂಗಡಿ ಇಟ್ಟರು, ಆಟೋ ಓಡಿಸಿದರು, ಊರಿಗೆ ಮರಳಿ ಅಣ್ಣತಮ್ಮಂದಿರ ಪಾಲಿನ ಹೊಲದಲ್ಲಿ ಪಾಲು ಕೇಳಿದರು. ಆ ಬೆರಳುಗಳಿಗೆ ಗೊತ್ತಿದ್ದದ್ದನ್ನು ಯಾರೂ ಕಲಿತುಕೊಳ್ಳಲಿಲ್ಲ.

ಎರಡನೆಯದು ಇನ್ನೂ ನೋಯಿಸುವಂಥದ್ದು. ಯುರೋಪಿನಲ್ಲಿ ಕಾರಿನ ಕೆಲಸ ಶ್ರೀಮಂತ ನಡುವಿನಿಂದ ಬಡ ಅಂಚಿಗೆ ಹರಿಯಿತು. 1991ರಲ್ಲಿ ಜೆಕ್ ನಾಡಿನ ಸ್ಕೋಡಾ ಜರ್ಮನಿಯ ಫೋಕ್ಸ್‌ವ್ಯಾಗನ್ ಕೈಸೇರಿ ಬೆಳೆಯಿತು. 1999ರಲ್ಲಿ ರುಮೇನಿಯಾದ ಡಾಸಿಯಾವನ್ನು ರೆನೋ ಕೊಂಡಿತು. ಐವತ್ತೈದು ಲಕ್ಷ ಜನರೂ ಇಲ್ಲದ ಸ್ಲೊವಾಕಿಯಾ ಈಗ ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ಮಾಡುವ ದೇಶ. ಒಬ್ಬರ ಊರು ಬಡವಾಯಿತು ನಿಜ, ಆದರೆ ಅದಕ್ಕಿಂತ ಬಡ ಊರೊಂದರ ಮಕ್ಕಳಿಗೆ ಮನೆ ಬಾಗಿಲಲ್ಲೇ ಕೆಲಸ ಸಿಕ್ಕಿತು. ಕರ್ನಾಟಕದಲ್ಲಿ ಹೊಳೆ ತಿರುಗುಮುರುಗಾಗಿ ಹರಿಯಿತು. ಹರಿಹರದಂಥ ಅಂಚಿನ ಊರು ಬತ್ತಿತು. ಹೊಸ ಕೆಲಸದ ಬಹುಪಾಲು ಬೆಂಗಳೂರಿನ ಸುತ್ತ ಬಿಡದಿ, ಹೊಸಕೋಟೆ, ನರಸಾಪುರಗಳಲ್ಲಿ ನಿಂತಿತು. ಟೊಯೊಟಾ ಕಿರ್ಲೋಸ್ಕರ್ 1997ರಲ್ಲಿ ಹುಟ್ಟಿ 1999ರ ಕೊನೆಗೆ ಬಿಡದಿಯಲ್ಲಿ ಕಾರು ಮಾಡತೊಡಗಿತು. ಕಿರ್ಲೋಸ್ಕರ್ ಎಂಬ ಹೆಸರು ನಾಡಿನಲ್ಲಿ ಉಳಿಯಿತು, ಹರಿಹರದ ಲೇತ್ ಕಾರ್ಖಾನೆಯಲ್ಲಿ ಉಳಿಯಲಿಲ್ಲ.

ಕಾರು ಕಾರ್ಖಾನೆ ಬರಗಾಲದ ಸೀಮೆಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಆಂಧ್ರದ ಪೆನುಕೊಂಡೆಗೆ ಹೋಗಿ ನೋಡಲಿ. ವಿಜಯನಗರದ ಅರಸರು ಹಂಪಿ ಬಿಟ್ಟ ಮೇಲೆ ಸೇರಿದ ಊರದು, ನಮ್ಮಂತೆಯೇ ಕಡಿಮೆ ಮಳೆಯ ನೆಲ. ಅಲ್ಲಿ 2019ರಿಂದ ಕಿಯಾ ಕಾರುಗಳು ಹೊರಬರುತ್ತಿವೆ. ಅದೇ ಕಿಯಾ 2006ರಲ್ಲಿ ಸ್ಲೊವಾಕಿಯಾದ ಜಿಲಿನಾದಲ್ಲೂ ಶುರುಮಾಡಿತ್ತು. ಎರಡೂ ಇಂದಿನ ರಾಜಧಾನಿಗಳಲ್ಲ. ಸರ್ಕಾರಗಳು ಕೈಹಿಡಿದು ಕರೆದವು, ಕಂಪನಿ ಬಂತು.

ನಮ್ಮ ಸೀಮೆಗೆ ಏನೂ ಬರಲಿಲ್ಲವೆಂದರೆ ಸುಳ್ಳಾದೀತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋದ ಹುಡುಗರಿದ್ದಾರೆ. ಸಂವಿಧಾನದ 371(ಜೆ) ಕಲಂನಿಂದ ಸರ್ಕಾರಿ ನೌಕರಿ, ಕಾಲೇಜು ಸೀಟಿನಲ್ಲಿ ಮೀಸಲು ಬಂತು, ಒಳ್ಳೆಯದಾಯಿತು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಆದರೆ ಮಲ್ಲಿಗೆ ಬಿಡಿಸುವ ಕೈಗೆ ದಿನದ ಕೂಲಿಯಷ್ಟೆ. ಲೇತಿನ ಮುಂದೆ ನಿಂತು ಕಾಯಂ ಆಗುವ ದಾರಿ ಮತ್ತೆ ತೆರೆಯಲಿಲ್ಲ. ಈಗ ಐಟಿಐ ಮುಗಿಸಿದ ಹುಡುಗ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಾನೆ. ಒಂದು ಕೋಣೆಯಲ್ಲಿ ನಾಲ್ಕು ಜನ, ಗುತ್ತಿಗೆದಾರನ ಕೈಯಿಂದ ಸಂಬಳ, ಆರೇಳು ತಿಂಗಳಿಗೊಮ್ಮೆ ಕೆಲಸದ ಬದಲಾವಣೆ. "ಹುಡುಗ ಎಲ್ಲಿದಾನ?" ಎಂದು ಕೇಳಿದರೆ ತಾಯಂದಿರು "ಬೆಂಗಳೂರಾಗ ಅದಾನ" ಎನ್ನುತ್ತಾರೆ. ಯಾವ ಕಂಪನಿ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಹೆಣ್ಣಿನ ಕಡೆಯವರು ಈಗ ಎರಡನೇ ಮಾತು ಕೇಳುತ್ತಾರೆ, ಮೂರನೆಯದನ್ನೂ ಕೇಳುತ್ತಾರೆ.

ಹರಿಹರದಲ್ಲಿ ಎರಕಗೊಂಡ ಲೇತುಗಳು ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಮಾಡಿದ ಕಾರ್ಖಾನೆ ಇಲ್ಲವಾಗಿ ಎರಡು ದಶಕ ಕಳೆದರೂ ಯಂತ್ರ ಸವೆದಿಲ್ಲ. ಅಷ್ಟು ನಿಯತ್ತಿನ ಕೆಲಸ ಅದು. ಮಾಡಿದವರು ಅರವತ್ತು, ಎಪ್ಪತ್ತು ದಾಟಿ ಹಡಗಲಿ, ಹರಪನಹಳ್ಳಿಯ ಕಟ್ಟೆಗಳ ಮೇಲೆ ಕೂತಿದ್ದಾರೆ. ನಮ್ಮ ಐಟಿಐಗಳವರು ಇವರನ್ನು ಕರೆದು ಮಕ್ಕಳ ಮುಂದೆ ಒಂದು ದಿನವಾದರೂ ಲೇತಿನ ಬಳಿ ನಿಲ್ಲಿಸಲಿ.

ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷದ ಮೇಲೆ ಕೊಟ್ಟೂರು, ಹರಪನಹಳ್ಳಿಯಿಂದ ಹರಿಹರಕ್ಕೆ ರೈಲು ಬಂದಿದೆ. 2021ರಲ್ಲಿ ನಮ್ಮದೇ ವಿಜಯನಗರ ಜಿಲ್ಲೆಯೂ ಆಗಿದೆ. ಆ ಹಳಿಯ ಪಕ್ಕ ವಾಹನದ ಬಿಡಿಭಾಗ ಮಾಡುವ ಒಂದು ಕೈಗಾರಿಕಾ ಪ್ರದೇಶ ಬೇಕು, ಸಿಎನ್‌ಸಿ ಕಲಿಸುವ ಒಂದು ಒಳ್ಳೆಯ ತರಬೇತಿ ಕೇಂದ್ರ ಬೇಕು. ಮುಂದಿನ ಸಲ ಮತ ಕೇಳಲು ಬಂದವರ ಮುಂದೆ ಸಮುದಾಯ ಭವನದ ಮಾತು ಆಮೇಲೆ ಇಡಿ, ಇದನ್ನು ಮೊದಲು ಕೇಳಿ.