ಅಡ್ಜಸ್ಟ್ ಮಾಡದ ಶಿಷ್ಯ

ಹೋದ ಮಳೆಗಾಲದಲ್ಲಿ ತಿಪಟೂರಿನಿಂದ ಅರಸೀಕೆರೆ ಕಡೆಗೆ ಬರುವಾಗ, ಅಡ್ಡ ಬಂದ ಎಮ್ಮೆಯೊಂದನ್ನು ಉಳಿಸಲು ಹೋಗಿ ಕಾರನ್ನು ರಸ್ತೆ ಬದಿಯ ತೆಂಗಿನ ಮರಕ್ಕೆ ಗುದ್ದಿದೆ. ಎಮ್ಮೆ ತಿರುಗಿಯೂ ನೋಡದೆ ಹೋಯಿತು. ನನಗೂ ಪೆಟ್ಟಾಗಲಿಲ್ಲ. ಆರು ವರ್ಷದ ಕಾರಿನ ಬಂಪರು, ಬಾನೆಟ್ಟು, ಎಡಗಡೆಯ ಹೆಡ್‌ಲೈಟು ಮಾತ್ರ ಹೋದವು.

ವಿಮೆ ಇತ್ತು. ಗ್ಯಾರೇಜಿನವನು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ ಹಿಂಬಾಗಿಲಿನ ಹತ್ತಿರ ನಿಂತ. ಎರಡು ವರ್ಷದ ಹಿಂದೆ ಮನೆಯ ಗೇಟಿನ ಕಂಬಕ್ಕೆ ತಾಗಿಸಿಕೊಂಡ ನೆಗ್ಗು ಅದು. “ಮೇಷ್ಟ್ರೇ, ಇದನ್ನೂ ಕ್ಲೈಮಿಗೆ ಸೇರಿಸಿಬಿಡೋಣ. ಸರ್ವೇಯರು ಬಂದಾಗ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರಾಯ್ತು” ಎಂದ. ನಾನು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲೂ ಇಲ್ಲ. ಅವನು ತುಂಬಿಕೊಟ್ಟ ಅರ್ಜಿಗೆ ಸಹಿ ಹಾಕಿದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗರನ್ನು ಇಷ್ಟು ವರ್ಷ ಹೊರಗೆ ನಿಲ್ಲಿಸಿದವನು ನಾನು!

ಸರ್ವೇಯರ್ ಬಂದ. ನೋಡಿದರೆ ನನ್ನದೇ ಹಳೆಯ ವಿದ್ಯಾರ್ಥಿ. ನನಗೆ ಒಳಗೊಳಗೇ ಸಮಾಧಾನವಾಯಿತು ಎಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ಅವನು ಕಾಲಿಗೆ ನಮಸ್ಕಾರ ಮಾಡಿ, “ಕಾರು ನಮ್ಮ ಮೇಷ್ಟ್ರದು ಅಂತ ಕಂಪನಿಗೆ ಮೊದಲೇ ತಿಳಿಸಿದ್ದೀನಿ ಸಾರ್. ಬೇಕಾದರೆ ಬೇರೆಯವರನ್ನ ಕಳಿಸಿ ಅಂದೆ. ಪರವಾಗಿಲ್ಲ, ನೀವೇ ನೋಡಿ ಅಂದರು” ಎಂದ. ಸರ್ವೆ ಮಾಡುವ ವಸ್ತುವಿನಲ್ಲಿ ತನಗಾಗಲಿ ತನ್ನ ನೆಂಟರಿಗಾಗಲಿ ಹಿತಾಸಕ್ತಿಯಿದ್ದರೆ ಮೊದಲೇ ಹೇಳಬೇಕೆಂಬುದು ಅವರ ನೀತಿಸಂಹಿತೆ. ಮೇಷ್ಟ್ರು ನೆಂಟರಲ್ಲ. ಆದರೂ ಹೇಳಿದ್ದ.

ಮುಂಭಾಗದ ಫೋಟೋ ತೆಗೆದು, ಅಳೆದು, ಬರೆದುಕೊಂಡು ಹಿಂಬಾಗಿಲಿಗೆ ಬಂದ. ನೆಗ್ಗಿನ ಮೇಲೆ ಬೆರಳಾಡಿಸಿ, “ಇದು ಯಾವಾಗ ಆಗಿದ್ದು ಸಾರ್?” ಎಂದ. ನಾನು ಗ್ಯಾರೇಜಿನವನ ಮುಖ ನೋಡಿದೆ. ಅವನು ಸ್ಪ್ಯಾನರ್ ಹುಡುಕಿಕೊಂಡು ಒಳಗೆ ಹೋದ.

“ಎಂಟನೇ ಕ್ಲಾಸಿನಲ್ಲಿ ನೀವು ಮೂರು ಪ್ರನಾಳದಲ್ಲಿ ಮೊಳೆ ಇಟ್ಟು ತೋರಿಸಿದ್ರಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಕುದಿಸಿದ ನೀರಿನ ಮೇಲೆ ಎಣ್ಣೆ, ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್. ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು ಅಂದ್ರಿ. ಹೊತ್ತೂ ಬೇಕು ಸಾರ್. ತೆಳ್ಳಗಿನ ಕಿತ್ತಳೆ ಬಣ್ಣ ಒಂದೆರಡು ದಿನದ ಮಳೆಗೂ ಬರುತ್ತೆ. ಇಲ್ಲಿ ಪದರ ಪದರವಾಗಿ ಎದ್ದು, ಬಣ್ಣದ ಅಡಿಗೂ ಹೋಗಿದೆ. ಮತ್ತೆ ಮರ ಮುಂದೆ ಇತ್ತು, ಗೀರು ಪಕ್ಕದಲ್ಲಿದೆ.”

ಪೆನ್ನು ತೆಗೆದು ಅರ್ಜಿಯಲ್ಲಿದ್ದ ಬಾಗಿಲಿನ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. “ಇಷ್ಟಕ್ಕೆ ಬಿಟ್ಟುಬಿಡು” ಎಂದೆ. ಅವನು ತಲೆ ತಗ್ಗಿಸಿ, “ನೀವು ಹೊಡೆದು ಹಾಕಿದರೂ ನಾನು ನೋಡಿದ್ದನ್ನ ಬರೀಲೇಬೇಕು ಸಾರ್” ಎಂದ. ಬರೆದ.

ಆಮೇಲೆ ಟೀ ಕುಡಿಯುತ್ತ ಕೇಳಿದೆ, ಈ ಕೆಲಸಕ್ಕೆ ಹೇಗೆ ಬಂದೆ ಎಂದು. ಎಂಜಿನಿಯರಿಂಗ್ ಸೀಟು ಸಿಗಲಿಲ್ಲ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಸರ್ವಿಸ್ ಸ್ಟೇಷನ್ನಿನಲ್ಲಿದ್ದ. ಅಲ್ಲಿಗೆ ಬರುತ್ತಿದ್ದ ಸರ್ವೇಯರೊಬ್ಬರ ಕೈಕೆಳಗೆ ತರಬೇತಿಗೆ ಸೇರಿದ. 2015ರ ನಿಯಮಾವಳಿಯ ದಾರಿ ಇದು: ವಿಭಾಗಕ್ಕೆ ತಕ್ಕ ವಿದ್ಯಾರ್ಹತೆ, ಲೈಸೆನ್ಸ್ ಇರುವ ಸರ್ವೇಯರ ಬಳಿ ಹನ್ನೆರಡು ತಿಂಗಳ ತರಬೇತಿ, ನಂತರ ಪರೀಕ್ಷೆ, ಆಮೇಲೆ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಲೈಸೆನ್ಸ್. ಬೆಂಕಿ, ಸಾಗರ ಸಾಗಣೆ, ಎಂಜಿನಿಯರಿಂಗ್, ಮೋಟಾರು, ಬೆಳೆ ಎಂದು ವಿಭಾಗಗಳು ಬೇರೆ ಬೇರೆ. ಮೋಟಾರಿಗೆ ಮೆಕ್ಯಾನಿಕಲ್ ಅಥವಾ ಆಟೊಮೊಬೈಲ್ ಓದಿರಬೇಕು. ನನ್ನ ಬಿಎಸ್ಸಿ, ಬಿಎಡ್ಡಿಗೆ ಆ ಬಾಗಿಲು ತೆರೆಯದು! ಸರ್ವೇಯರುಗಳದೇ ಸಂಸ್ಥೆಯ ಸದಸ್ಯತ್ವ ಬೇಕು. ಅದರಲ್ಲಿ ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೋ ಎಂದು ಮೂರು ದರ್ಜೆ. ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಆಸಕ್ತಿಯಿರುವ ಮಕ್ಕಳು ಪ್ರಾಧಿಕಾರದ ಹೊಸ ನಿಯಮ ನೋಡಿಯೇ ಮುಂದುವರಿಯಲಿ.

“ಲೈಸೆನ್ಸ್ ತಗೊಳ್ಳೋದು ದೊಡ್ಡದಲ್ಲ ಸಾರ್, ಉಳಿಸಿಕೊಳ್ಳೋದು” ಎಂದ. 2015ರ ನಿಯಮದಲ್ಲಿ ಅದರ ಆಯಸ್ಸು ಮೂರು ವರ್ಷ, ಮತ್ತೆ ನವೀಕರಿಸಬೇಕು. ದುರ್ನಡತೆ ಕಂಡರೆ ಅಮಾನತು ಆಗಬಹುದು, ರದ್ದೂ ಆಗಬಹುದು. ಅವನಿಗೆ ಸಂಬಳವಿಲ್ಲ, ಸರ್ವೆಗೆ ಇಷ್ಟೆಂದು ಕಂಪನಿ ಕೊಡುವ ಶುಲ್ಕ. ಮೊದಲ ವರ್ಷ ಹೆಂಡತಿಯ ಸಂಬಳದಲ್ಲೇ ಮನೆ ನಡೆಯಿತಂತೆ. ಕಂಪನಿ ಕಡಿಮೆ ಬರೆಯಲಿ ಎಂದು ಬಯಸುತ್ತದೆ, ಗಾಡಿಯವನು ಹೆಚ್ಚು ಬರೆಯಲಿ ಎನ್ನುತ್ತಾನೆ, ಗ್ಯಾರೇಜಿನವನು ಇನ್ನೂ ಹೆಚ್ಚು. ಮೂವರ ನಡುವೆ ನಿಂತವನಿಗೆ ಬೆನ್ನಿಗಿರುವುದು ತಾನು ಕಣ್ಣಾರೆ ಕಂಡದ್ದು ಮಾತ್ರ.

ವರದಿಯ ಪ್ರತಿ ಕೇಳುವ ಹಕ್ಕು ಪಾಲಿಸಿದಾರನಿಗಿದೆ. ಕೇಳಿ ತೆಗೆದುಕೊಂಡೆ. ಪ್ಲಾಸ್ಟಿಕ್ಕಿನ ಬಂಪರಿಗೆ ಸವಕಳಿಯೆಂದು ಅರ್ಧ ಬೆಲೆ ಕಡಿತ. ಐದು ದಾಟಿ ಹತ್ತು ವರ್ಷದೊಳಗಿನ ಗಾಡಿಯ ಲೋಹಕ್ಕೆ ಶೇಕಡ 40. ಹೆಚ್ಚು ಕಂತು ಕಟ್ಟಿ ಸವಕಳಿ ಕಡಿತವಿಲ್ಲದ ಪಾಲಿಸಿ ಮಾಡಿಸಿದ್ದರೆ ಇದು ತಪ್ಪುತ್ತಿತ್ತು. ಪಾಲಿಸಿಯ ಹಾಳೆ ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಹಾಗೆಯೇ ಬಾನೆಟ್ಟಿನ ಒಳಗೆ ಬಾಗಿದ್ದ ಒಂದು ಕಂಬಿಯನ್ನು ಅವನು ಸೇರಿಸಿದ್ದ. ಗ್ಯಾರೇಜಿನವನಿಗೂ ಕಾಣದ್ದು ಅದು. ನನಗೆ ಬರಬೇಕಾದ ಒಂದು ರೂಪಾಯಿಯನ್ನೂ ಬಿಟ್ಟಿರಲಿಲ್ಲ. ಕೊನೆಯಲ್ಲಿ ಒಂದು ಸಾಲು: ಹಿಂಬಾಗಿಲಿನ ಹಾನಿ ಹಳೆಯದು, ಈ ಅಪಘಾತಕ್ಕೆ ಸಂಬಂಧವಿಲ್ಲ, ಮಾಲೀಕರು ಈ ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದಾರೆ.

ಅಮೆರಿಕದಲ್ಲಿ ಇಂಥ ಕೆಲಸದವರಿಗೆ ಅಡ್ಜಸ್ಟರ್ ಎನ್ನುತ್ತಾರೆ. ಅಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಹೆಸರು ಕೇಳಿದಾಗ ನಗು ಬಂತು. ನಮ್ಮಲ್ಲಿ ಬಸ್ಸಿನ ಸೀಟಿನಿಂದ ಹಿಡಿದು ಪರೀಕ್ಷೆಯ ಅಂಕದವರೆಗೆ ಅಡ್ಜಸ್ಟ್ ಮಾಡಿಕೊಳ್ಳಿ ಎನ್ನುವುದೆಂದರೆ ಕಣ್ಣು ಮುಚ್ಚಿಕೊಳ್ಳಿ ಎಂದು ಅರ್ಥ. ಅವನ ಕೆಲಸ ಕಣ್ಣು ತೆರೆದಿರುವುದು.

ಡಿಪ್ಲೊಮಾ ಎಂದರೆ ಮೂಗು ಮುರಿಯುವ ತಂದೆತಾಯಿಗಳು ನನ್ನ ಬಳಿ ಬರುತ್ತಲೇ ಇರುತ್ತಾರೆ. ಅವರಿಗೆ ಈಗ ಈ ಹುಡುಗನ ಕತೆ ಹೇಳುತ್ತೇನೆ, ನನ್ನ ಪಾತ್ರವನ್ನು ಮುಚ್ಚಿಡದೆ. ಅವನಿಗೆ ನನ್ನ ವಿಷಯದಲ್ಲಿ ಬಂದಿದ್ದು ನೂರಕ್ಕೆ ಐವತ್ತೆರಡು.

ಬಾಗಿಲನ್ನು ರಿಪೇರಿ ಮಾಡಿಸಿಲ್ಲ. ಈ ವರ್ಷ ತುಕ್ಕಿನ ಪಾಠದ ದಿನ ಮೂರು ಪ್ರನಾಳ ತೋರಿಸಿದ ಮೇಲೆ ಮಕ್ಕಳನ್ನು ಕಾರಿನ ಹತ್ತಿರ ಕರೆದೊಯ್ದೆ. “ಇದು ಯಾವಾಗ ಆಗಿದ್ದು ಸಾರ್?” ಎಂದು ಒಬ್ಬಳು ಕೇಳಿದಳು. ಈ ಸಲ ಸರಿಯಾದ ಉತ್ತರ ಹೇಳಿದೆ.